ಹಳೇ ಕಂಪ್ಯೂಟರಿಗೆ ಬೀಸಿದ ಕಥೆ

ಯಾರೂ ಹೆಸರು ಕೇಳಿರದ ಸಾಫ್ಟ್‌ವೇರನ್ನು ಊರೂರಿಗೆ ಹಾಕಿಕೊಡುವ ಕೆಲಸ ಹಿಡಿದರೆ ನಗುವಂಥದ್ದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಅಂಗಡಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂರುತ್ತದೆ. ನನ್ನ ಅಂಗಡಿ ಇರುವುದು ಮಧುಗಿರಿಯಲ್ಲಿ. ಬೋರ್ಡಿನ ಮೇಲೆ ‘ಕಂಪ್ಯೂಟರ್ ರಿಪೇರಿ’ ಅಂತ ಮಾತ್ರ ಬರೆಸಿದ್ದೇನೆ. ಆದರೆ ಸಿರಾ, ಕೊರಟಗೆರೆ, ಪಾವಗಡದವರೆಗೂ ಜನ ನನ್ನನ್ನು ಗುರುತಿಸುವುದು ‘ಹಳೇ ಕಂಪ್ಯೂಟರ್ ಮೇಡಮ್ಮ’ ಅಂತ. ಬೇರೆಯವರಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರೇನೋ. ನಾನು ಅದನ್ನು ಬಿರುದು ಅಂತಲೇ ಇಟ್ಟುಕೊಂಡಿದ್ದೇನೆ.

ನಾನು ಮಾಡುವುದಿಷ್ಟೆ. ಗುಜರಿಗೆ ಹೊರಟ ಕಂಪ್ಯೂಟರನ್ನು ದಾರಿಯಲ್ಲಿ ತಡೆದು, ಅದಕ್ಕೆ ಲಿನಕ್ಸ್ ಹಾಕಿ, ಎಬ್ಬಿಸಿ ಕೂರಿಸುವುದು. ಲಿನಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರು. ದೇಶದೇಶದ ಜನ ಸೇರಿ ಬರೆದು, ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ ಅಂತ ಬಿಟ್ಟಿ ಕೊಟ್ಟಿರುವುದು. ಅದರಲ್ಲೂ ಹತ್ತಾರು ಮನೆತನಗಳಿವೆ. ನಾನು ಹಾಕುವುದು ತೀರಾ ಸಣ್ಣ ಮನೆತನದ್ದು, ಹಳೇ ಕಂಪ್ಯೂಟರಿನ ಮೇಲೂ ಹಗುರವಾಗಿ ಓಡುವಂಥದ್ದು. ಅದನ್ನು ಬಳಸುವವರು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು ಜನ, ಅವರಲ್ಲಿ ಸುಮಾರು ಮಂದಿ ನಮ್ಮ ನಾಲ್ಕು ತಾಲ್ಲೂಕಿನವರೇ ಇರಬೇಕು ಅಂತ ನನ್ನ ಅಂದಾಜು.

ಹೋದ ಮಳೆಗಾಲದ ಕೊನೆಗೆ ಆ ಮನೆತನದ ಯಜಮಾನನಿಂದ ಎಲ್ಲರಿಗೂ ಒಂದು ಮೇಲ್ ಬಂತು. ಆತ ಎಲ್ಲೋ ಹಿಮ ಬೀಳುವ ದೇಶದವನು. ಮುಖ ನೋಡಿದವಳಲ್ಲ, ಆದರೆ ಮಾತು ಬಲು ಬಿಗಿ ಅನ್ನುವುದು ಗೊತ್ತು. ಹಳೇ ಕಂಪ್ಯೂಟರಿಗೆ ಬೀಸಿಕೊಡುವವರು ಈಗ ಯಾರೂ ಉಳಿದಿಲ್ಲ, ಈ ಚಳಿಗಾಲ ಮುಗಿಯುವುದರೊಳಗೆ ವಾರವಾರ ತಪ್ಪದೆ ಬೀಸಿ, ಪರೀಕ್ಷೆ ಮಾಡಿ ಕಳಿಸುವವರು ಸಿಗದಿದ್ದರೆ ಹಳೇದಕ್ಕೆ ಬಾಗಿಲು ಹಾಕುತ್ತೇವೆ ಅಂತ ಬರೆದಿದ್ದ.

ಬೀಸುವುದು ಅನ್ನುವುದು ನನ್ನ ಮಾತು, ಅವನದಲ್ಲ. ಸಾಫ್ಟ್‌ವೇರನ್ನು ಮೊದಲು ಮನುಷ್ಯರು ಓದುವ ಹಾಗೆ ಬರೆದಿರುತ್ತಾರೆ. ಅದು ಕಾಳು. ಕಂಪ್ಯೂಟರ್ ಕಾಳು ತಿನ್ನುವುದಿಲ್ಲ, ಹಿಟ್ಟು ಮಾಡಿ ಕೊಡಬೇಕು. ಆ ಕೆಲಸಕ್ಕೆ ಅವರು ಕಂಪೈಲ್ ಅನ್ನುತ್ತಾರೆ, ನಾನು ಬೀಸುವುದು ಅನ್ನುತ್ತೇನೆ. ಹೊಸ ಕಂಪ್ಯೂಟರಿಗೆ ಬೀಸುವ ದೊಡ್ಡ ಮಿಲ್ಲುಗಳು ಬೇಕಾದಷ್ಟಿವೆ. ಹಳೇದಕ್ಕೆ ಹಳೇದರಲ್ಲೇ ಬೀಸಿ, ಅದಕ್ಕೇ ತಿನ್ನಿಸಿ ನೋಡಬೇಕು ಅನ್ನುವುದು ಈ ಮನೆತನದ ಕಟ್ಟಳೆ. ಸಂಜೆ ಹಾಕಿದರೆ ಬೆಳಗಿನ ಹೊತ್ತಿಗೆ ಮುಗಿಯುತ್ತದೆ. ನಡುವೆ ನಿಂತರೆ ಮತ್ತೆ ಮೊದಲಿಂದ ಶುರು.

ಬಾಗಿಲು ಹಾಕಿದರೆ ಹೊಸ ಹಿಟ್ಟು ಸಿಗದೆ ಹಳೇ ಕಂಪ್ಯೂಟರುಗಳು ಒಂದೊಂದಾಗಿ ಮತ್ತೆ ಮೂಲೆ ಸೇರುತ್ತವೆ. ನನ್ನ ಅಂಗಡಿಗೆ ಪೆಟ್ಟು ಬೀಳುತ್ತದೆ, ಅದು ಹಾಳಾಗಲಿ. ನಿಡುಗಲ್ ಬೆಟ್ಟದ ಕಡೆ ಒಂದು ಶಾಲೆಯಿದೆ. ಯಾವುದೋ ಕಚೇರಿಯವರು ಬೇಡವೆಂದು ಕೊಟ್ಟ ಕಂಪ್ಯೂಟರುಗಳನ್ನು ಅಲ್ಲಿ ವರ್ಷಗಟ್ಟಲೆ ಹೂಹೂವಿನ ಬಟ್ಟೆ ಹೊದಿಸಿ ಸಾಲಾಗಿ ಮಲಗಿಸಿಟ್ಟಿದ್ದರು. ಆ ಬಟ್ಟೆ ತೆಗೆದು, ಲಿನಕ್ಸ್ ಹಾಕಿ, ಮಕ್ಕಳನ್ನು ಅದರ ಮುಂದೆ ಕೂರಿಸಿದವಳು ನಾನು. ಮೇಲ್ ಬಂದ ಸುದ್ದಿಯನ್ನು ಅಲ್ಲಿನ ಹೆಡ್‌ಮೇಡಂಗೆ ಫೋನಿನಲ್ಲಿ ಹೇಳಿದಾಗ ಆಯಮ್ಮ “ಮತ್ತೆ ಬಟ್ಟೆ ಹೊದಿಸೋ ಹಂಗೆ ಮಾಡ್ಬೇಡಮ್ಮ” ಅಂದರು. ಶಾಲೆಯಲ್ಲೇ ಬೀಸೋಣವೆಂದರೆ ಅಲ್ಲಿ ಸಂಜೆ ಕರೆಂಟಿದ್ದರೆ ಅದೇ ಹಬ್ಬ.

ಯಜಮಾನನಿಗೆ ಅವತ್ತೇ ಬರೆದೆ, ನಾನಿದ್ದೇನೆ, ಬಾಗಿಲು ಹಾಕಬೇಡಿ ಅಂತ. ಎಲ್ಲಿ ಬೀಸುವುದು, ಹೇಗೆ ಬೀಸುವುದು ಒಂದೂ ಗೊತ್ತಿರಲಿಲ್ಲ. ಒಪ್ಪಿಕೊಂಡ ಮೇಲೆ ದಾರಿ ತಾನೇ ಸಿಗುತ್ತದೆ ಅನ್ನುವುದು ನನ್ನ ನಂಬಿಕೆ. ಅದು ಇವತ್ತಿಗೂ ಸುಳ್ಳಾಗಿಲ್ಲ, ಸಿಗುವ ದಾರಿ ಮಾತ್ರ ಯಾವಾಗಲೂ ಸುತ್ತು ದಾರಿ.

೧. ಮೈನ್ ಸ್ವಿಚ್ಚು

ಮೊದಲು ನನ್ನ ಅಂಗಡಿಯಲ್ಲೇ ಶುರುಮಾಡಿದೆ. ಒಂದು ಹಳೇ ಕಂಪ್ಯೂಟರನ್ನು ಮೂಲೆಯಲ್ಲಿಟ್ಟು, ಸಂಜೆ ಬೀಸಲು ಹಚ್ಚಿ, ಶಟರ್ ಎಳೆದು ಮನೆಗೆ ಹೋದೆ. ಬೆಳಿಗ್ಗೆ ಬಂದರೆ ಅದು ಸತ್ತು ಬಿದ್ದಿತ್ತು. ಮಾರನೆಯ ದಿನವೂ ಅದೇ ಕಥೆ. ವಿಚಾರಿಸಿದರೆ ಕಟ್ಟಡದ ಮಾಲೀಕರ ಕೆಲಸ. ಕಟ್ಟಡದ ಹಿಂದಿನ ಮನೆಯಲ್ಲೇ ಇರುವ ಅವರು, ಎಲ್ಲ ಅಂಗಡಿಗಳ ಬಾಗಿಲು ಬಿದ್ದ ಕೂಡಲೇ ಬಂದು ಮೈನ್ ಸ್ವಿಚ್ಚು ಕೆಳಗೆಳೆದು, ಅದಕ್ಕೊಂದು ಕೈಮುಗಿದು ಹೋಗುತ್ತಾರಂತೆ. ಅವರ ತಂದೆ ಕಾಲದಿಂದ ನಡೆದು ಬಂದ ಪದ್ಧತಿ. ಜನ ಮಲಗಿದಾಗ ಕರೆಂಟೂ ಮಲಗಬೇಕು ಅನ್ನುವುದು ಅವರ ಸಿದ್ಧಾಂತ.

ಒಂದು ಅಂಗಡಿಗೆ ಮಾತ್ರ ಬಿಡಿ ಅಂತ ಕೇಳಲು ಹೋದೆ. ಯಾರೂ ಇಲ್ಲದ ಅಂಗಡಿಯಲ್ಲಿ ಅದು ಯಾರಿಗೋಸ್ಕರ ಕೆಲಸ ಮಾಡುತ್ತದೆ ಅಂತ ವಿಚಾರಿಸಿದರು. ಪ್ರಪಂಚದಲ್ಲಿ ಯಾರಿಗೆ ಬೇಕೋ ಅವರಿಗೆ ಅಂದೆ. ಅವರು ನಿನಗೇನು ಕೊಡುತ್ತಾರೆ ಅಂದರು. ಏನೂ ಇಲ್ಲ ಅಂದೆ. ಅವರೆಲ್ಲ ಯಾರು, ಮುಖ ನೋಡಿದ್ದೀಯಾ ಅಂದರು. ಇಲ್ಲ ಅಂದೆ. ಮಾಲೀಕರು ಕೋಪ ಮಾಡಿಕೊಳ್ಳಲಿಲ್ಲ. ಬಹಳ ಕನಿಕರದಿಂದ ನನ್ನ ಮುಖ ನೋಡಿ, ಟೀ ತರಿಸಿ ಕುಡಿಸಿ ಕಳಿಸಿದರು. ನಾನು ಮನೆ ಸೇರುವುದರೊಳಗೆ ನಮ್ಮ ಅತ್ತೆಗೆ ಫೋನ್ ಹೋಗಿತ್ತು.

ನಮ್ಮತ್ತೆ ಬಾಗಿಲಲ್ಲೇ ನಿಂತಿದ್ದರು. ಯಾರೋ ಪರದೇಶದವನಿಗೆ ಸೊಸೆ ಬಿಟ್ಟಿ ಬೀಸಿಕೊಡುತ್ತಿದ್ದಾಳೆ, ಸ್ವಲ್ಪ ವಿಚಾರಿಸಿ ಅಂದಿದ್ದರಂತೆ ಮಾಲೀಕರು. ಹೌದು, ಅಲ್ಲಿ ಆಗಲಿಲ್ಲ, ಆ ಕಂಪ್ಯೂಟರನ್ನು ಇನ್ನು ಮನೆಯಲ್ಲೇ ಇಡೋಣವೆಂದಿದ್ದೇನೆ ಅಂತ ನಾನೂ ನೇರವಾಗಿಯೇ ಹೇಳಿದೆ. ಅತ್ತೆ ಅಡುಗೆಮನೆಯೊಳಗೆ ಹೋಗಿ ಒಂದು ಚೀಲ ತಂದು ನನ್ನ ಕಾಲ ಬಳಿ ಇಟ್ಟರು.

“ಈ ರಾಗೀನ ಮಿಲ್ಲಿಗೆ ಹಾಕುಸ್ಕೊಂಡು ಬಾ ಅಂತ ಹೋದ ವಾರದಿಂದ ಬಡ್ಕೊಂತಿವ್ನಿ, ಟೈಮಿಲ್ಲ ಅಂತೀಯ. ಮೊದ್ಲು ನಮ್ಮನೇದು ಬೀಸುಸ್ಕೊಂಡು ಬಾ, ಆಮೇಲೆ ಅವ್ರ ದೇಸದ್ದು ನೋಡಾನ.”

೨. ಕಾಗೆ

ಮನೆಯಲ್ಲೂ ಆಗದು ಅಂತಾದಾಗ ನೆನಪಾದದ್ದು ನಾಗಲಮಡಿಕೆ ದಾರಿಯಲ್ಲಿ ಬಿತ್ತನೆ ಬೀಜ ಮಾರುವ ಒಬ್ಬ ಯಜಮಾನರು. ಅವರ ಅಂಗಡಿಯ ಕಂಪ್ಯೂಟರ್ ಹಗಲೂ ರಾತ್ರಿ ಆರುವುದೇ ಇಲ್ಲ. ಆರದಿರುವುದಕ್ಕೆ ಕಾರಣ ನಾನೇ.

ಅವರಿಗೆ ಲಿನಕ್ಸ್ ಹಾಕಿಕೊಟ್ಟ ಮಾರನೆಯ ಬೆಳಿಗ್ಗೆಯೇ ಫೋನ್ ಬಂದಿತ್ತು, ಅಂಗಡಿ ತೆಗೆದಿಲ್ಲ, ಕೂಡಲೇ ಬಾ ಅಂತ. ಏನಾಯಿತೋ ಅಂತ ಬಸ್ಸು ಹಿಡಿದು ಓಡಿದೆ. ಯಜಮಾನರು ಅರ್ಧ ಶಟರ್ ಎತ್ತಿ ಹೊರಗಡೆಯೇ ಕಲ್ಲಿನ ಮೇಲೆ ಕೂತಿದ್ದರು. ಕಂಪ್ಯೂಟರ್ ಏಳುವಾಗ ಪರದೆಯ ಮೇಲೆ ಒಂದು ಪೆಂಗ್ವಿನ್ ಚಿತ್ರ ಬರುತ್ತದೆ, ಅದು ಲಿನಕ್ಸಿನ ಗುರುತು. ಇವರ ಕಣ್ಣಿಗೆ ಕಪ್ಪು ಮೈ, ಕೊಕ್ಕು ಕಂಡದ್ದೇ ತಡ, ಕಾಗೆ ಒಳಗೆ ಬಂತು ಅಂತ ಅಂಗಡಿ ಬಿಟ್ಟು ಆಚೆ ಬಂದಿದ್ದರು.

“ಏಮಮ್ಮಾ, ಪೊದ್ದುನ್ನೇ ಎದ್ದು ಕಾಗೆ ಮುಖ ನೋಡಿ ಯಾಪಾರ ಮಾಡಾಕಾಗ್ತದಾ?” ಅಂದರು, ಅವರ ಕಡೆಯ ತೆಲುಗು ಬೆರೆಸಿ.

ಇದು ಕಾಗೆಯಲ್ಲ, ಹಿಮದ ನಾಡಿನ ಹಕ್ಕಿ, ಬಹಳ ಸಾಧು, ಪಾಪದ್ದು, ಇದಕ್ಕೆ ಹಾರಲೂ ಬರುವುದಿಲ್ಲ ಅಂತ ಸಮಾಧಾನ ಹೇಳಿದೆ. ಯಜಮಾನರ ಮುಖ ಇನ್ನೂ ಬಾಡಿತು. ಕಾಗೆಯಾದರೆ ಬಂದ ಹಾಗೆ ಹಾರಿಹೋಗುತ್ತದೆ, ಹಾರಲು ಬರದೇ ಇದ್ದರೆ ಇಲ್ಲೇ ಠಿಕಾಣಿ ಹೂಡುತ್ತದಲ್ಲ ಅಂದರು. ಲಿನಕ್ಸಿನಲ್ಲಿ ಏನು ಬೇಕಾದರೂ ಬದಲಾಯಿಸಬಹುದು ಅಂತ ಊರೆಲ್ಲ ಹೇಳಿಕೊಂಡು ತಿರುಗುವವಳು ನಾನು, ಅದನ್ನೇ ಮಾಡಿ ತೋರಿಸಿದೆ. ಪೆಂಗ್ವಿನ್ ತೆಗೆದು ಒಂದು ನವಿಲು ಕೂರಿಸಿದೆ. ಸುಬ್ರಹ್ಮಣ್ಯನ ವಾಹನ, ನಾಗಲಮಡಿಕೆಯ ದೇವರೂ ಅವನೇ. ಯಜಮಾನರ ಕಣ್ಣಲ್ಲಿ ನೀರಾಡಿತು.

ಅಲ್ಲಿಂದ ಆ ಕಂಪ್ಯೂಟರನ್ನು ಆರಿಸಲು ಅವರ ಮನೆಯವರು ಬಿಡಲೇ ಇಲ್ಲ. ದೇವರ ವಾಹನವನ್ನು ಗುಂಡಿ ಒತ್ತಿ ಆರಿಸುವುದು ಉಂಟೆ? ಆರದ ಕಂಪ್ಯೂಟರು, ಬೀಸಲು ಇದಕ್ಕಿಂತ ಬೇಕೆ? ಅಲ್ಲಿಗೆ ಹೋಗಿ, ಯಜಮಾನರ ಒಪ್ಪಿಗೆ ಪಡೆದು, ಬೀಸಲು ಹಚ್ಚಿ ಬಂದೆ. ಬೀಸುವಾಗ ಹಳೇ ಕಂಪ್ಯೂಟರಿನ ಮೈ ಬಿಸಿಯಾಗುತ್ತದೆ, ಹಿಂದಿನ ಫ್ಯಾನಿನಿಂದ ಬಿಸಿಗಾಳಿ ಬರುತ್ತದೆ, ಹೆದರಬೇಡಿ ಅಂತಲೂ ಹೇಳಿದ್ದೆ. ಆದರೂ ಪ್ರತಿ ಸಲ ಅರ್ಧಕ್ಕೇ ನಿಲ್ಲುತ್ತಿತ್ತು. ಹೋಗಿ ನೋಡಿದರೆ ಸಂಜೆ ದೀಪ ಹಚ್ಚಿದ ಮೇಲೆ ಯಜಮಾನರ ಹೆಂಡತಿ ಕಂಪ್ಯೂಟರಿನ ಪೆಟ್ಟಿಗೆಗೆ ಸೇವಂತಿಗೆ ಹಾರ ಸುತ್ತುತ್ತಿದ್ದರು. ಹಿಂದೆ ಮುಂದೆ ಎಲ್ಲಾ ಒತ್ತಾಗಿ ಸುತ್ತಿದ ಹಾರ. ಗಾಳಿಯಾಡದೆ ಪೆಟ್ಟಿಗೆ ಕಾದು, ತನ್ನ ಪ್ರಾಣ ಉಳಿಸಿಕೊಳ್ಳಲು ತಾನೇ ಆರಿಹೋಗುತ್ತಿತ್ತು.

ಹಾರ ಒಂದು ಬೇಡ ಅಂತ ಕೈಮುಗಿದು ಕೇಳಿಕೊಂಡೆ. ಯಜಮಾನರು ಹೆಂಡತಿಯ ಮುಖ ನೋಡಿದರು, ಆಯಮ್ಮ ಇವರ ಮುಖ ನೋಡಿದರು. ಕೊನೆಗೆ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು.

“ಶುರು ಮಾಡಿದ ಪೂಜೆ ನಿಲ್ಸಾಕಾಗಲ್ಲಮ್ಮಾ. ಒಂದು ಪನಿ ಮಾಡು, ನಿನ್ನ ಕಾಗೇನೇ ವಾಪಸ್ ಕೂರ್ಸು. ಅದಕ್ಕಾದ್ರೆ ಯಾರೂ ಹೂ ಹಾಕಲ್ಲ.”

೩. ಮುಗಿಯದ ಕೆಲಸ

ನವಿಲು ಹೋದರೆ ಸಂಜೆಯೇ ಗುಂಡಿ ಒತ್ತಿ ಆರಿಸುತ್ತಾರೆ, ಆ ಆಸೆಯನ್ನೂ ಬಿಟ್ಟೆ. ಸಿರಾದಲ್ಲಿ ಮದುವೆ ಕಾರ್ಡು ಅಚ್ಚು ಹಾಕುವ ಒಬ್ಬ ಸಾಹೇಬರಿದ್ದಾರೆ. ನನ್ನನ್ನು ಬೇಟಿ, ಅಂದರೆ ಮಗಳೇ, ಅನ್ನುತ್ತಾರೆ. ಇವರಿಗೆ ಲಿನಕ್ಸ್ ಒಪ್ಪಿಸಿದ್ದೇ ಒಂದು ಕಥೆ. ಇದು ಬಿಟ್ಟಿ ಅಂದಾಗ ಬೇಡವೇ ಬೇಡ ಅಂದಿದ್ದರು. ಬೆಲೆಯೇ ಇಲ್ಲದ ಮೇಲೆ ಚೌಕಾಸಿ ಎಲ್ಲಿಂದ ಶುರು ಮಾಡುವುದು, ಚೌಕಾಸಿ ಮಾಡದೆ ಅವರ ವಂಶದಲ್ಲಿ ಯಾರೂ ಒಂದು ಸೂಜಿಯನ್ನೂ ಮನೆಗೆ ತಂದಿಲ್ಲವಂತೆ. ಸರಿ ಅಂತ ನಾನೇ ಬಾಯಿಗೆ ಬಂದ ಒಂದು ಬೆಲೆ ಹೇಳಿದೆ. ಸಾಹೇಬರು ಲುಂಗಿ ಸರಿಮಾಡಿಕೊಂಡು ನೆಟ್ಟಗೆ ಕೂತರು. ಎರಡು ಟೀ ಮುಗಿಯುವುದರೊಳಗೆ ನನ್ನನ್ನು ಇಳಿಸಿ ಇಳಿಸಿ ಬಿಟ್ಟಿಗೆ ತಂದು ನಿಲ್ಲಿಸಿದರು. ಗೆದ್ದ ಖುಷಿಗೆ ಮೇಲೊಂದು ಮೌಸ್ ಪ್ಯಾಡನ್ನೂ ಇಸಕೊಂಡರು.

ಅಂಥವರು ಬೀಸಲು ಜಾಗ ಕೊಡುತ್ತಾರೆಯೇ ಅನ್ನುವ ಅನುಮಾನದಲ್ಲೇ ಕೇಳಿದೆ. ಸಾಹೇಬರು ಮರುಮಾತಿಲ್ಲದೆ ಒಪ್ಪಿದರು. ಪ್ರೆಸ್ಸಿನಲ್ಲಿ ಕರೆಂಟು ಆರಿಸುವ ಪದ್ಧತಿಯಿಲ್ಲ, ಹಾರವೂ ಇಲ್ಲ. ಕೌಂಟರಿನ ಮೇಲಿದ್ದ ಹಳೇ ಕಂಪ್ಯೂಟರಿನಲ್ಲಿ ಶುರು ಮಾಡಿ ಬಂದೆ. ಕಾರ್ಡಿನ ಕೆಲಸಕ್ಕೆ ಬೇರೆ ಕಂಪ್ಯೂಟರಿತ್ತು. ಇನ್ನೇನು ಗೆದ್ದೆ ಅಂದುಕೊಂಡೆ.

ಒಂದು ವಾರವಾದರೂ ಮುಗಿಯಲಿಲ್ಲ. ಎರಡನೆಯ ವಾರವೂ ಇಲ್ಲ. ನನ್ನ ಅಂಗಡಿಯಿಂದಲೇ ಇಂಟರ್ನೆಟ್ಟಿನಲ್ಲಿ ಇಣುಕಿ ನೋಡಿದಾಗಲೆಲ್ಲ ಅದು ಶುರುವಿನಲ್ಲೇ ಇರುತ್ತಿತ್ತು. ಕೊನೆಗೆ ಹೇಳದೆ ಕೇಳದೆ ಸಿರಾಕ್ಕೆ ಹೋಗಿ ಪ್ರೆಸ್ಸಿನ ಬಾಗಿಲಲ್ಲಿ ನಿಂತೆ.

ಒಳಗೆ ಹುಡುಗಿಯ ಕಡೆಯವರು ಕೂತಿದ್ದರು. ಕಾರ್ಡು ಇನ್ನೂ ಆಗಿಲ್ಲವಾ ಅಂತ ಜೋರು ಮಾಡುತ್ತಿದ್ದರು. ಸಾಹೇಬರು ತಣ್ಣಗೆ ಕಂಪ್ಯೂಟರಿನ ಕಡೆ ಕೈ ತೋರಿಸಿದರು. ಬೀಸುವಾಗ ಪರದೆಯ ಮೇಲೆ ಸಾಲು ಸಾಲು ಅಕ್ಷರಗಳು ಮೇಲಕ್ಕೆ ಓಡುತ್ತವೆ, ಇಂಥದ್ದು ಆಯಿತು, ಮುಂದಿನದು ಶುರು ಅಂತ. ಗೊತ್ತಿಲ್ಲದವರಿಗೆ ಒಳಗೇನೋ ಯುದ್ಧವೇ ನಡೆದಿದೆ ಅನ್ನಿಸಬೇಕು. “ನೋಡಿ, ನಿಮ್ದೇ ನಡೀತಾ ಇದೆ. ಎಷ್ಟು ಫಾಸ್ಟಾಗಿ ಹೋಗ್ತಾ ಇದೆ ನೋಡಿ. ನಾಳೆ ಬನ್ನಿ” ಅಂದರು. ಅವರು ಬಾಯಿಬಿಟ್ಟು ನೋಡಿ, ಪಾಪ ಇಷ್ಟೊಂದು ಕೆಲಸವಿದೆಯಾ ಅಂದುಕೊಂಡು, ಗಲಾಟೆ ಮಾಡದೆ ಎದ್ದು ಹೋದರು. ಅವರ ಕಾರ್ಡಿಗೆ ಕಾಗದವೇ ಬಂದಿರಲಿಲ್ಲ.

ಅವರು ಹೋದ ಮೇಲೆ ಒಳಗೆ ಬಂದು ಕೇಳಿದೆ, ಇದು ಮುಗಿಯದಿರುವುದು ಯಾಕೆ ಅಂತ. ಸಾಹೇಬರು ಸಂಕೋಚವಿಲ್ಲದೆ ವಿವರಿಸಿದರು. ಒಂದು ಸಲ ಅದು ಇನ್ನೇನು ಮುಗಿಯಬೇಕು ಅನ್ನುವಾಗ ಪರದೆ ಸುಮ್ಮನೆ ನಿಂತಿತ್ತಂತೆ. ಆವತ್ತು ಬಂದ ಗಿರಾಕಿ ನೋಡಿ, ಮುಗಿಯಿತಲ್ಲ, ಕಾರ್ಡು ಕೊಡಿ ಅಂತ ಕೂತುಬಿಟ್ಟನಂತೆ. ಅವತ್ತಿನಿಂದ ಅದು ಮುಗಿಯುವ ಲಕ್ಷಣ ಕಂಡ ಕೂಡಲೇ ಸಾಹೇಬರೇ ಆರಿಸಿ, ಮೊದಲಿಂದ ಶುರು ಮಾಡಿಬಿಡುತ್ತಿದ್ದರು. ಶುರು ಮಾಡುವುದು ಹೇಗೆ ಅಂತ ಕಲಿಸಿದ್ದು ನಾನೇ.

ವಾರಕ್ಕೊಮ್ಮೆಯಾದರೂ ಮುಗಿಯಲೇಬೇಕು, ಶಾಲೆಯ ವಿಷಯ ಹೀಗೆ ಹೀಗಿದೆ ಅಂತ ಎಲ್ಲ ಬಿಡಿಸಿ ಹೇಳಿದೆ. ಸಾಹೇಬರು ತಲೆದೂಗಿ ಕೇಳಿದರು. ಆಮೇಲೆ ನನ್ನ ಕೈಗೆ ಟೀ ಲೋಟ ಕೊಟ್ಟು ಅಂದರು:

“ಮುಗಿಯೋ ಕೆಲಸ ನನ್ನತ್ರಾನೇ ಬೇಕಾದಷ್ಟಿದೆ ಬೇಟಿ. ಮುಗೀದೇ ಇರೋದು ಇದೊಂದೇ ಇತ್ತು, ಅದನ್ನೂ ಕಿತ್ಕೊಬೇಡ.”

೪. ಹುಳಿ ಬರದ ಹಿಟ್ಟು

ಅಷ್ಟರಲ್ಲಿ ಚಳಿ ಬಲಿತಿತ್ತು. ಹಿಮದ ಯಜಮಾನನಿಂದ ಒಂದು ಗೆರೆಯ ಮೇಲ್ ಬಂತು. ನಾನಿದ್ದೇನೆ ಅಂದಿರಿ, ಎಲ್ಲಿದ್ದೀರಿ, ಅಂತ. ಅದನ್ನು ಓದಿ ಕಿವಿ ಬಿಸಿಯಾಯಿತು. ಇನ್ನೆರಡು ತಿಂಗಳಿಗೆ ಅವರ ಚಳಿಗಾಲ ಮುಗಿಯುತ್ತದೆ, ಶಾಲೆಯ ಕಂಪ್ಯೂಟರುಗಳು ಮತ್ತೆ ಹೂವಿನ ಬಟ್ಟೆಯೊಳಗೆ ಸೇರುತ್ತವೆ. ನನಗೆ ಅಧೈರ್ಯ ಅಂತ ಬರುವುದೇ ಅಪರೂಪ, ಬಂದರೂ ಊಟದ ಹೊತ್ತಿಗೆ ಹೋಗಿಬಿಡುತ್ತದೆ. ಅವತ್ತು ಮಾತ್ರ ಊಟವಾದ ಮೇಲೂ ಇತ್ತು.

ಹಾಗೆ ಕೂತಿದ್ದಾಗಲೇ ಕೊರಟಗೆರೆಯಿಂದ ಫೋನ್ ಬಂತು. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲು ಇಟ್ಟಿರುವ ಅಕ್ಕ. ಸೆಟ್ ದೋಸೆಗೆ ಹೆಸರಾದ ಹೋಟೆಲು, ತೋವಿನಕೆರೆ ಕಡೆಯಿಂದಲೂ ಜನ ಬಂದು ತಿಂದು ಹೋಗುತ್ತಾರೆ. ಬಿಲ್ಲು ಮಾಡುವ ಅವರ ಕಂಪ್ಯೂಟರು ವಯಸ್ಸಿಗೆ ಮೀರಿದ ಭಾರ ಹೊತ್ತು ಏದುಸಿರು ಬಿಡುತ್ತಿತ್ತು. ಹದಿನೈದು ದಿನದ ಹಿಂದೆ ನಾನೇ ಹೋಗಿ ಅದರ ಭಾರ ಇಳಿಸಿ, ನಮ್ಮ ಹಗುರವಾದ ಲಿನಕ್ಸ್ ಹಾಕಿ ಬಂದಿದ್ದೆ.

“ಮೇಡಮ್ಮ, ನೀನು ಕಂಪ್ಯೂಟ್ರಿಗೆ ಅದೇನ್ ಮಾಡ್ಬುಟ್ಟೋ, ಅವತ್ನಿಂದ ದೋಸೆ ಹಿಟ್ಟು ಹುಳಿ ಬತ್ತಿಲ್ಲ” ಅಂದರು ಅಕ್ಕ.

ಲಿನಕ್ಸ್ ಮೇಲೆ ನಾನು ಕೇಳದ ದೂರಿಲ್ಲ. ಪ್ರಿಂಟು ಬರಲ್ಲ, ಅಕ್ಷರ ಬೇರೆ ಥರ ಕಾಣುತ್ತೆ, ನಮ್ಮ ಷಡ್ಡಕನ ಕಂಪ್ಯೂಟರಿನ ಹಾಗಿಲ್ಲ, ಎಲ್ಲಕ್ಕೂ ಉತ್ತರ ಇಟ್ಟುಕೊಂಡಿದ್ದೇನೆ. ಇದು ಮಾತ್ರ ಹೊಸದು. ಅಕ್ಕ, ದೋಸೆ ಹಿಟ್ಟಿಗೂ ಕಂಪ್ಯೂಟರಿಗೂ ಸಂಬಂಧವಿಲ್ಲ, ಚಳಿಗೆ ಹಾಗಾಗಿರುತ್ತೆ ಅಂದೆ. ಸಂಬಂಧ ಐತೋ ಇಲ್ವೋ ನೀನೇ ಬಂದು ನೋಡು ಅಂತ ಫೋನಿಟ್ಟರು. ಹೋದೆ.

ಕಂಪ್ಯೂಟರಿನ ಪೆಟ್ಟಿಗೆಯನ್ನು ಕೌಂಟರಿನ ಕೆಳಗೆ ಅಡ್ಡ ಮಲಗಿಸಿದ್ದರು. ಅದರ ಮೇಲೆ ಮಣೆಯ ಹಾಗೆ ಒಂದು ಹಲಗೆ, ಹಲಗೆಯ ಮೇಲೆ ದೊಡ್ಡ ಪಾತ್ರೆ. ನಾನು ಹಿಂದಿನ ಸಲ ಬಂದಾಗ ಹಗಲಾದ್ದರಿಂದ ಪಾತ್ರೆಯಿರಲಿಲ್ಲ. ಅಕ್ಕ ಎಷ್ಟೋ ಚಳಿಗಾಲಗಳಿಂದ, ಸಂಜೆ ರುಬ್ಬಿದ ಹಿಟ್ಟನ್ನು ಅದರ ಮೇಲಿಡುತ್ತಿದ್ದರಂತೆ. ಕೆಲಸವಿರಲಿ ಇಲ್ಲದಿರಲಿ ಆ ಪೆಟ್ಟಿಗೆ ಒಲೆಯ ದಂಡೆಯ ಹಾಗೆ ಬೆಚ್ಚಗಿರುತ್ತಿತ್ತು. ಬೆಳಿಗ್ಗೆ ಹೊತ್ತಿಗೆ ಹಿಟ್ಟು ಉಬ್ಬಿ ಪಾತ್ರೆಯ ಕಂಠಕ್ಕೆ ಬಂದಿರುತ್ತಿತ್ತು. ಊರಿನ ಬೇರೆ ಹೋಟೆಲಿನವರು ಚಳಿಗೆ ಸೋಡ ಹಾಕುತ್ತಿದ್ದಾಗಲೂ ಅಕ್ಕನ ದೋಸೆ ಸ್ಪಂಜಿನ ಹಾಗೆ ಏಳುತ್ತಿದ್ದ ಗುಟ್ಟು ಇದು.

ನಾನು ಪೆಟ್ಟಿಗೆ ಮುಟ್ಟಿ ನೋಡಿದೆ. ಕಲ್ಲಿನ ಹಾಗೆ ತಣ್ಣಗಿತ್ತು. ಬಿಸಿಯಾಗುವುದಿಲ್ಲ ಅನ್ನುವುದೇ ನಮ್ಮ ಲಿನಕ್ಸಿನ ದೊಡ್ಡ ಹೆಗ್ಗಳಿಕೆ, ಅದನ್ನು ಹೇಳಿಯೇ ನಾನು ನಾಲ್ಕು ತಾಲ್ಲೂಕು ಸುತ್ತಿದ್ದು. ಅಕ್ಕ ಒಂದು ದೋಸೆ ಹಾಕಿ ತಂದು ನನ್ನ ಮುಂದಿಟ್ಟರು. ಅದು ಚಪಾತಿಗೂ ಹಪ್ಪಳಕ್ಕೂ ನಡುವೆ ಇತ್ತು.

“ಗಿರಾಕಿಗಳು ಎದುರಿನ ಹೋಟ್ಲಿಗೆ ಹೋಯ್ತಾ ಅವ್ರೆ ಕಣಮ್ಮ. ನಂಗೆ ನಿನ್ನ ಲಿನಕ್ಸೂ ಬ್ಯಾಡ, ಗಿನಕ್ಸೂ ಬ್ಯಾಡ. ಹಳೇದನ್ನೇ ಹಾಕ್ಕೊಟ್ಬುಡು.”

ನಾನು ಆ ದೋಸೆ ಮುರಿದು ಬಾಯಿಗಿಟ್ಟುಕೊಂಡಿದ್ದೆ. ಅಗಿಯುತ್ತಾ ಅಗಿಯುತ್ತಾ, ಸುಳ್ಳೇಕೆ ಹೇಳಲಿ, ನನ್ನ ಮೈ ಜುಮ್ಮೆಂದಿತು. ಇಲ್ಲೊಬ್ಬರಿಗೆ ಸಂಜೆಯಿಂದ ಬೆಳಗಿನವರೆಗೆ ಕಂಪ್ಯೂಟರ್ ಬಿಸಿಯಾಗಬೇಕು. ನನಗೆ ಸಂಜೆಯಿಂದ ಬೆಳಗಿನವರೆಗೆ ಬೀಸಬೇಕು. ಆರಿಸುವ ಮಾಲೀಕರಿಲ್ಲ, ಹಾರವಿಲ್ಲ, ಮುಗಿದರೆ ಬೇಜಾರಾಗುವವರೂ ಇಲ್ಲ. ಅಕ್ಕ, ನಿಮಗೆ ಎಷ್ಟು ಬಿಸಿ ಬೇಕು ಹೇಳಿ ಅಂದೆ.

ಅವತ್ತು ಸಂಜೆ ಪಾತ್ರೆಯಿಟ್ಟ ಕೂಡಲೇ ಬೀಸಲು ಶುರುವಾಗುವ ಹಾಗೆ ಮಾಡಿ ಬಂದೆ. ಬೆಳಿಗ್ಗೆ ನನ್ನ ಅಂಗಡಿಗೆ ಮೊದಲ ಸಲ ಪೂರ್ತಿ ಬೀಸಿದ ಹಿಟ್ಟು ಬಂದು ಬಿದ್ದಿತ್ತು, ಅಂದರೆ ಸಾಫ್ಟ್‌ವೇರು. ಹಿಂದೆಯೇ ಅಕ್ಕನ ಫೋನು. ದೋಸೆ ಹಿಟ್ಟು ಪಾತ್ರೆಯಲ್ಲಿ ನಿಲ್ಲದೆ ಉಕ್ಕಿ ಹಲಗೆಗೆ ಇಳಿದಿದೆ, ಸ್ವಲ್ಪ ಸಣ್ಣ ಉರಿಯಲ್ಲಿ ಬೀಸು ಅಂದರು. ಅವತ್ತಿನಿಂದ ಪಾತ್ರೆಯ ಕೆಳಗೆ ಒಂದು ಅಗಲವಾದ ತಟ್ಟೆ ಬಂತು, ನಾನೂ ಬೀಸುವ ವೇಗ ತಗ್ಗಿಸಿದೆ.

ಆಮೇಲೆ ಎಲ್ಲ ಹದಕ್ಕೆ ಬಂತು. ದಿನಾ ಸಂಜೆ ಬೀಸುವುದು, ವಾರಕ್ಕೊಂದು ಸಲ ಪರೀಕ್ಷೆ ಮಾಡಿ ಕಳಿಸುವುದು. ಬೀಸಿದ್ದು ಪೂರ್ತಿಯಾಗಿದೆಯೋ ಇಲ್ಲವೋ ನೋಡಲು ನಾನು ಕಂಪ್ಯೂಟರ್ ತೆಗೆಯಬೇಕಾಗಿಯೇ ಇರಲಿಲ್ಲ. ಬೆಳಿಗ್ಗೆ ಅಕ್ಕ ಫೋನ್ ಮಾಡಿ ದೋಸೆ ಹೇಗೆ ಎದ್ದಿದೆ ಹೇಳಿಬಿಡುತ್ತಿದ್ದರು.

ಒಂದು ದಿನ ದೋಸೆ ಏಳಲಿಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ ಎಲ್ಲ ಸರಿಯಾಗಿದೆ ಅಂತ ಹಸಿರು ಅಕ್ಷರದಲ್ಲಿ ಬರೆದುಕೊಂಡಿತ್ತು. ಎಲ್ಲ ಸರಿಯಾಗಿದೆ ಅಕ್ಕ ಅಂದೆ. “ಹಿಟ್ಟು ಸುಳ್ಳು ಹೇಳಲ್ಲ ಕಣಮ್ಮ, ನಿನ್ನ ಡಬ್ಬಾನೇ ಏನೋ ಮಾಡೈತೆ” ಅಂದರು. ಅನುಮಾನ ಬಂದು ಒಂದೊಂದೇ ಕೆದಕಿದೆ. ಇಂಟರ್ನೆಟ್ ನೋಡುವ ಬ್ರೌಸರ್ ಇದೆಯಲ್ಲ, ಬೀಸುವುದರಲ್ಲೆಲ್ಲ ಅದೇ ದಪ್ಪ ಕಾಳು. ಅದನ್ನು ಬೀಸದೆ ಹಾಗೇ ದಾಟಿ, ಬೀಸಿದ್ದೇನೆ ಅಂತ ಬರೆದುಕೊಂಡು, ಬೇಗ ಕೆಲಸ ಮುಗಿಸಿ ಮಲಗಿಬಿಟ್ಟಿತ್ತು. ತಪ್ಪು ಇದ್ದದ್ದು ಹಿಮದ ದೇಶದಿಂದ ಬಂದ ಹೊಸ ಸೂಚನೆಯಲ್ಲೇ. ಅವರ ದೊಡ್ಡ ಮಿಲ್ಲುಗಳು ಎಲ್ಲವನ್ನೂ ಚಿಟಿಕೆ ಹೊಡೆಯುವುದರಲ್ಲಿ ಮುಗಿಸುವುದರಿಂದ ಬೇಗ ಮುಗಿದದ್ದು ಅಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ನಾನು ತಿದ್ದಿ ಕಳಿಸಿದೆ.

ಯಜಮಾನ ಮೊದಲ ಸಲ ಎರಡು ಗೆರೆ ಬರೆದ. ನಮ್ಮ ಯಾವ ಪರೀಕ್ಷೆಯಲ್ಲೂ ಇದು ಸಿಕ್ಕಿರಲಿಲ್ಲ, ನಿಮಗೆ ಹೇಗೆ ಗೊತ್ತಾಯಿತು, ಅಂತ. ದೋಸೆ ಏಳಲಿಲ್ಲ ಅಂತ ಬರೆದೆ. ಒಂದು ದಿನ ಬಿಟ್ಟು ಉತ್ತರ ಬಂತು. ದೋಸೆ ಅನ್ನುವ ಸಾಫ್ಟ್‌ವೇರು ನಮ್ಮ ಪಟ್ಟಿಯಲ್ಲಿಲ್ಲ, ಅದು ಎಲ್ಲಿ ಸಿಗುತ್ತದೆ, ಅಂತ. ನಾನು ಕೌಂಟರ್, ಪೆಟ್ಟಿಗೆ, ಹಲಗೆ, ಪಾತ್ರೆ, ಪಕ್ಕದಲ್ಲಿ ಸೌಟು ಹಿಡಿದು ನಿಂತ ಅಕ್ಕ ಎಲ್ಲರನ್ನೂ ಸೇರಿಸಿ ಒಂದು ಫೋಟೋ ತೆಗೆದು, ಕೊರಟಗೆರೆಯಲ್ಲಿ ಸಿಗುತ್ತದೆ ಅಂತ ಕಳಿಸಿದೆ.

ಆಮೇಲೆ ವಾರವೆಲ್ಲ ಸದ್ದಿಲ್ಲ. ಆಟವೆಂದುಕೊಂಡು ಸಿಟ್ಟಾದನೋ ಏನೋ ಅಂತ ನಾನು ಹಲ್ಲು ಕಚ್ಚಿಕೊಂಡು ಕಾದೆ. ಕೊನೆಗೆ ಎಲ್ಲರಿಗೂ ಒಂದು ಮೇಲ್ ಬಂತು. ಹಳೇ ಕಂಪ್ಯೂಟರಿನ ಬಾಗಿಲು ಹಾಕುವುದಿಲ್ಲ, ಅಲ್ಲಿ ನಡೆಯುವಷ್ಟು ಸೂಕ್ಷ್ಮವಾದ ಪರೀಕ್ಷೆ ಹೊಸ ಕಂಪ್ಯೂಟರುಗಳಿಗೂ ಇಲ್ಲ ಅಂತ ಬರೆದಿದ್ದ. ನಾನು ಅಳುವವಳಲ್ಲ. ಅವತ್ತು ಅಂಗಡಿಯಲ್ಲಿ ಒಬ್ಬಳೇ ಕೂತು ಸ್ವಲ್ಪ ಅತ್ತೆ.

ಹೆಡ್‌ಮೇಡಂಗೆ ಫೋನ್ ಮಾಡಿದೆ. ಭಾನುವಾರ ತಾವೇ ಬಸ್ಸು ಹತ್ತಿ ಕೊರಟಗೆರೆಗೆ ಬಂದು, ಸೆಟ್ ದೋಸೆ ತಿಂದು, ಚೀಲದಿಂದ ಒಂದು ಗಂಟು ತೆಗೆದು ಅಕ್ಕನ ಕೈಗೆ ಕೊಟ್ಟರು. ಶಾಲೆಯ ಕಂಪ್ಯೂಟರಿಗೆ ಹೊದಿಸುತ್ತಿದ್ದ ಹೂವಿನ ಬಟ್ಟೆಗಳು. ಇನ್ನು ನಮಗೆ ಬೇಡ, ಹಿಟ್ಟಿಗೆ ಚಳಿಯಾಗದ ಹಾಗೆ ಸುತ್ತಿ ಅಂದರು. ಅಕ್ಕ ಆ ಚಳಿಗಾಲವೆಲ್ಲ ಪಾತ್ರೆಗೆ ಅದನ್ನೇ ಸುತ್ತಿದರು, ಪೆಟ್ಟಿಗೆಯ ಫ್ಯಾನು ಮಾತ್ರ ಮುಚ್ಚದಂತೆ ನಾನು ಕಾವಲಿದ್ದೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಯಿತು. ಮಾರನೆಯ ದಿನವೇ ಅಕ್ಕ ಫೋನ್ ಮಾಡಿ, ಬೀಸುವುದು ನಿಲ್ಲಿಸು, ಪಾತ್ರೆಗೆ ಬೇರೆ ಜಾಗವಿಲ್ಲ, ಈಗ ಅದರ ಮೇಲಿಟ್ಟರೆ ಹಿಟ್ಟು ಎದ್ದು ಬಸ್ಸು ಹತ್ತುತ್ತದೆ ಅಂದರು. ವಾರ ತಪ್ಪಿದರೆ ಬಾಗಿಲು ಹಾಕುತ್ತಾರೆ ಅಕ್ಕ ಅಂದೆ. ಅಕ್ಕ ಸ್ವಲ್ಪವೂ ಯೋಚನೆ ಮಾಡದೆ, “ಅವ್ರ ದೇಸದಾಗೆ ಯಾವಾಗ್ಲೂ ಚಳಿ ಅಂತೀಯಲ್ಲ. ಬ್ಯಾಸ್ಗೇಲಿ ಅವ್ರೇ ಹಿಟ್ಟಿಟ್ಕಳ್ಳಲಿ” ಅಂದರು. ನಾನು ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಯಜಮಾನನಿಗೆ ಬರೆದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಸರಿ, ಬೇಸಿಗೆಯ ಸರದಿ ನನ್ನದು ಅಂತ ಬರೆದ.

ಒಂದು ಹಳೇ ಕಂಪ್ಯೂಟರ್ ಹುಡುಕಿ ತಂದು, ವಾರ ತಪ್ಪದೆ ಬೀಸಿದ. ಮೂರನೆಯ ವಾರ ನನಗೆ ಅವನಿಂದ ಒಂದು ದೂರು ಬಂತು. ಇಷ್ಟು ವರ್ಷ ಅವನಿಗೆ ದೂರು ಬರೆದವಳು ನಾನು, ಅವನಿಂದ ನನಗೆ ಬಂದದ್ದು ಅದೇ ಮೊದಲು. ದೂರು ಹೇಗೆ ಬರೆಯಬೇಕು ಅಂತ ನಮಗೆಲ್ಲ ಕಲಿಸಿದ ಕ್ರಮದಲ್ಲೇ ಬರೆದಿದ್ದ. ಬೀಸುವುದು ಪೂರ್ತಿಯಾಗಿದೆ, ಪೆಟ್ಟಿಗೆ ಬೇಕಾದಷ್ಟು ಬಿಸಿಯಾಗಿದೆ, ಪಾತ್ರೆ ಮೇಲೆಯೇ ಇದೆ. ಆಗಬೇಕಾದದ್ದು, ಹಿಟ್ಟು ಉಬ್ಬುವುದು. ಆಗಿರುವುದು, ಏನೂ ಇಲ್ಲ. ಜೊತೆಗೊಂದು ಫೋಟೋ. ಕಿಟಕಿಯ ಆಚೆ ಹಿಮ, ಈಚೆ ಕಂಪ್ಯೂಟರು, ಅದರ ಮೇಲೊಂದು ಪಾತ್ರೆ, ಪಾತ್ರೆಯ ತಳದಲ್ಲಿ ಸುಣ್ಣದ ನೀರಿನಂಥದ್ದು ಸ್ವಲ್ಪ. ಅಕ್ಕನನ್ನು ಕೇಳಿ ಹೇಳಿ ಅಂತ ಕೊನೆಯಲ್ಲಿ ಬೇಡಿಕೊಂಡಿದ್ದ.

ಮೇಲ್ ಹಿಡಿದುಕೊಂಡು ಕೊರಟಗೆರೆಗೆ ಹೋದೆ. ಅಕ್ಕ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ನನ್ನ ಫೋನಿನಲ್ಲಿ ಆ ಪಾತ್ರೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಏನೇನು ಹಾಕಿದ್ದಾನೆ ಓದು ಅಂದರು. ಅಂಗಡಿಯಿಂದ ಅಕ್ಕಿ ಹಿಟ್ಟಿನ ಪ್ಯಾಕೆಟ್ಟು, ಉದ್ದಿನ ಹಿಟ್ಟಿನ ಪ್ಯಾಕೆಟ್ಟು ತಂದು ನೀರು ಕಲಸಿ ಇಟ್ಟಿದ್ದಾನೆ ಅಂತ ಓದಿ ಹೇಳಿದೆ. ಅಕ್ಕ ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟು, ಕನ್ನಡಕ ತೆಗೆದು, ನಿಜವಾಗಿಯೂ ಮರುಕಪಟ್ಟರು.

“ಪಾಪ, ಅದುಕ್ಕೇ ಕಣಮ್ಮ. ಅವ್ನಿಗೆ ಬೀಸಾಕಷ್ಟೇ ಬತ್ತದೆ, ರುಬ್ಬಾಕ್ ಬರಲ್ಲ.”